ತಾರಸಿ ಮಳೆ ನೀರನ್ನು ಒಳಚರಂಡಿಗೆ (ಯುಜಿಡಿ) ಬಿಡಬೇಡಿ, ನೆಲದಡಿಯ ಸಂಪಿಗೆ ತಿರುಗಿಸಿ

ಮೈಸೂರಲ್ಲಿ ಜೋರು ಮಳೆ ಮೇ ಮತ್ತು ಅಕ್ಟೋಬರಿನಲ್ಲಿ. ಆಗ ಮ್ಯಾನ್‌ಹೋಲ್ ಉಕ್ಕಲು ಒಂದು ಕಾರಣ, ತಾರಸಿ ಪೈಪನ್ನು ಒಳಚರಂಡಿಗೆ ಸೇರಿಸಿರುವುದು. ಅದು ಕೊಳಚೆ ನೀರಿನ ಅಳತೆಗೆ ಹಾಕಿದ ಕೊಳವೆ. ಮಳೆ ನೀರೂ ಸೇರಿದರೆ ತಗ್ಗಿನ ಮನೆಯವರ ಬಚ್ಚಲಿಗೆ ವಾಪಸ್ ನುಗ್ಗುತ್ತದೆ. ದಯವಿಟ್ಟು ಆ ಜಾಯಿಂಟ್ ಇವತ್ತೇ ಬಿಡಿಸಿ.

30x40 ಸೈಟಿನಲ್ಲಿ 800 ಚದರಡಿ ತಾರಸಿ ಇದ್ದರೆ 1 ಮಿ.ಮೀ. ಮಳೆಗೆ 74 ಲೀಟರ್. 25 ಮಿ.ಮೀ. ಬಂದರೆ ನಷ್ಟ ಕಳೆದು ಸುಮಾರು 1,500 ಲೀಟರ್ ಸಂಪಿಗೆ ಸಿಗುತ್ತದೆ.

ಇಳಿ ಪೈಪಿನ ತುದಿಗೆ ಬಾಲ್ ವಾಲ್ವ್ ಹಾಕಿ, ಅದಕ್ಕಿಂತ ಮೇಲೆ ಟೀ (T ಆಕಾರದ ಜಾಯಿಂಟ್) ಕೊಟ್ಟು ಫಿಲ್ಟರಿಗೆ ಲೈನ್ ತೆಗೆಯಿರಿ. ಮೊದಲ ಏಳೆಂಟು ಬಕೆಟ್ ನೀರಲ್ಲಿ ಧೂಳು, ಪಾರಿವಾಳದ ಹಿಕ್ಕೆ ಇರುತ್ತದೆ. ಅದನ್ನು ಗಿಡಕ್ಕೆ ಬಿಟ್ಟು ವಾಲ್ವ್ ಮುಚ್ಚಿ, ಆಮೇಲಿನ ನೀರು ಫಿಲ್ಟರ್ ಮೂಲಕ ಸಂಪಿಗೆ ಹೋಗುತ್ತದೆ. ಮಳೆ ನಿಂತ ಮೇಲೆ ಮತ್ತೆ ತೆರೆದಿಡುವುದನ್ನೇ ಬಹಳ ಜನ ಮರೆಯುತ್ತಾರೆ.

ಫಿಲ್ಟರಿಗೆ 200 ಲೀಟರ್ ಡ್ರಮ್ ಸಾಕು. ತಳಕ್ಕೆ 40 ಮಿ.ಮೀ. ಜಲ್ಲಿ ಅರ್ಧ ಅಡಿ, ಮೇಲೆ 20 ಮಿ.ಮೀ. ಜಲ್ಲಿ ಅರ್ಧ ಅಡಿ, ನೈಲಾನ್ ಮೆಶ್, ಆಮೇಲೆ ದಪ್ಪ ಮರಳು ಅರ್ಧ ಅಡಿ. ಪ್ಲಾಸ್ಟರಿಂಗಿನ ಸಣ್ಣ ಮರಳು ಬೇಡ, ಎರಡೇ ಮಳೆಗೆ ಕಟ್ಟಿಕೊಳ್ಳುತ್ತದೆ. ಜಲ್ಲಿ, ಮರಳು ಎರಡನ್ನೂ ನೀರು ತಿಳಿಯಾಗುವವರೆಗೆ ತೊಳೆದೇ ಹಾಕಿ.

ಸಂಪಿನ ಓವರ್‌ಫ್ಲೋಗೆ ಸೊಳ್ಳೆ ಮೆಶ್ ಕಟ್ಟಿ, ಇಂಗುಗುಂಡಿಗೋ ರಸ್ತೆಯ ಮಳೆ ಚರಂಡಿಗೋ ಬಿಡಿ. ಈ ನೀರು ಬಟ್ಟೆ, ಟಾಯ್ಲೆಟ್, ಗಿಡಕ್ಕೆ. ಪರೀಕ್ಷೆ ಮಾಡಿಸದೆ ಕುಡಿಯಬೇಡಿ.