ಬಸುರಿ ಇರೋ ಮನೇಲಿ ಮೊದ್ಲು ಏನ್ ಸರಿ ಮಾಡ್ಬೇಕು

ಸೀಮಂತಕ್ಕೆ ನೆಂಟರೆಲ್ಲ ಬರ್ತಾರೆ, ಅಷ್ಟರೊಳಗೆ ಮನೆಗೆ ಪೇಂಟ್ ಮಾಡಿಸ್ಬಿಡೋಣ ಅಂತ ಯಾರಾದ್ರೂ ಹೊರಟ್ರೆ ದಯವಿಟ್ಟು ತಡೀರಿ. ಹಳೇ ಮನೆ ಕಿಟಕಿ, ಬಾಗಿಲಿಗೆ ಬಳಿದಿರೋ ಆಯಿಲ್ ಪೇಂಟಲ್ಲಿ ಸೀಸ ಇರಬಹುದು, ನಮ್ಮ ದೇಶದಲ್ಲಿ ಪೇಂಟಲ್ಲಿ ಸೀಸ 90 ಪಿಪಿಎಂ, ಅಂದ್ರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ, ದಾಟಬಾರ್ದು ಅನ್ನೋ ರೂಲ್ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ. ಪೇಂಟ್ ಗಟ್ಟಿಯಾಗಿ ಅಂಟ್ಕೊಂಡಿದ್ರೆ ಅಷ್ಟು ಭಯ ಇಲ್ಲ, ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದಾಗ ಏಳೋ ಧೂಳೇ ಅಪಾಯ, ಅದು ನೆಲದ ಮೇಲೆ, ಹಾಸಿಗೆ ಮೇಲೆ, ಅಡುಗೆಮನೆ ಕಟ್ಟೆ ಮೇಲೆ ಕೂರುತ್ತೆ, ಅಲ್ಲಿಂದ ಕೈಗೆ, ಕೈಯಿಂದ ಬಾಯಿಗೆ. ಮಾಡಿಸ್ಲೇಬೇಕು ಅಂದ್ರೆ ಬಸುರಿನ ತವರಿಗೆ ಕಳಿಸಿ, ಕೆಲಸ ಮುಗಿದ್ಮೇಲೆ ಪೊರಕೇಲಿ ಗುಡಿಸ್ದೆ ಒದ್ದೆ ಬಟ್ಟೇಲಿ ಎರಡು ಮೂರು ಸಲ ಒರೆಸಿ, ಆಮೇಲೆ ಕರ್ಕೊಂಡ್ ಬನ್ನಿ.

ಸೀಸದ ಬಗ್ಗೆ ಇಷ್ಟು ಒತ್ತಿ ಹೇಳೋದಕ್ಕೆ ಕಾರಣ ಇದೆ. ಅದು ಮಾಸು ದಾಟಿ ನೇರ ಮಗು ರಕ್ತಕ್ಕೆ ಹೋಗುತ್ತೆ, ಬೆಳೀತಿರೋ ಮೆದುಳಿಗೆ ಪೆಟ್ಟು ಕೊಡುತ್ತೆ. ತಾಯಿ ಮೂಳೇಲಿ ಎಷ್ಟೋ ವರ್ಷದಿಂದ ಕೂತಿರೋ ಸೀಸನೂ ಬಸುರಲ್ಲಿ ಕ್ಯಾಲ್ಸಿಯಂ ಜೊತೆ ಹೊರಗೆ ಬರುತ್ತೆ, ಅದಕ್ಕೇ ರಾಗಿ, ಹಾಲು, ಡಾಕ್ಟರ್ ಕೊಟ್ಟ ಕ್ಯಾಲ್ಸಿಯಂ ಮಾತ್ರೆ ಯಾವುದನ್ನೂ ತಪ್ಪಿಸ್ಬೇಡಿ.

ಅಡುಗೆಮನೇಲಿ ಅರಿಶಿನ ನೋಡ್ಕೊಳಿ. ಕೆಲವು ಕಡೆ ಬಣ್ಣ ಬರ್ಲಿ ಅಂತ ಕೊಂಬಿಗೇ ಲೆಡ್ ಕ್ರೋಮೇಟ್ ಅನ್ನೋ ಸೀಸ ಇರೋ ಹಳದಿ ಬಣ್ಣ ಹಚ್ತಾರೆ, ಹಾಗಾಗಿ ಕೊಂಬು ತಂದು ಮನೇಲಿ ಪುಡಿ ಮಾಡ್ಸಿದ್ರೆ ಸಾಕು ಅನ್ನೋ ಹಾಗಿಲ್ಲ, ಫಳಫಳ ಹೊಳೆಯೋ ಹಳದಿ ಕೊಂಬು ಬಿಟ್ಟು ಮಂಕಾಗಿ, ಸಿಪ್ಪೆ ಸಿಪ್ಪೆಯಾಗಿರೋದನ್ನೇ ತಗೊಳಿ. ಮಣ್ಣು, ಸೀಮೆಸುಣ್ಣ ತಿನ್ನೋ ಬಯಕೆ ಬಂದ್ರೆ ನಾಚ್ಕೊಬೇಡಿ, ಮುಚ್ಚಿಡಲೂ ಬೇಡಿ, ರಕ್ತಹೀನತೆ ಇದ್ದಾಗ ಹೀಗಾಗೋದುಂಟು, ಆದ್ರೆ ಅಂಗಡೀಲಿ ಸಿಗೋ ಆ ಮಣ್ಣಲ್ಲೂ ಸೀಸ ಇರಬಹುದು.

ಕರಾವಳಿಯವರು ಮೀನು ಬಿಡೋದು ಬೇಡ, ಬಂಗುಡೆ, ಭೂತಾಯಿ ಆರಾಮಾಗಿ ತಿನ್ನಿ, ಶಾರ್ಕ್ ಥರದ ದೊಡ್ಡ ಬೇಟೆ ಮೀನು ಮಾತ್ರ ಬೇಡ, ಅದ್ರಲ್ಲಿ ಪಾದರಸ ಜಾಸ್ತಿ. ಜಪಾನಿನ ಮಿನಮಾಟಾದಲ್ಲಿ ಫ್ಯಾಕ್ಟರಿ ಪಾದರಸ ಸೇರಿದ ಮೀನು ತಿಂದ ಎಷ್ಟೋ ತಾಯಂದಿರಿಗೆ ಮೇಲ್ನೋಟಕ್ಕೆ ಅಷ್ಟೇನೂ ಆಗಿರ್ಲಿಲ್ಲ, ಹುಟ್ಟಿದ ಮಕ್ಕಳು ಮಾತ್ರ ಜೀವನ ಪೂರ್ತಿ ನರಳಿದ್ವು.

ತರಕಾರಿ ಹರಿಯೋ ನೀರಲ್ಲಿ ಉಜ್ಜಿ ತೊಳೀರಿ, ಎಲೆಕೋಸಿನ ಮೇಲಿನ ಎಲೆ ತೆಗೆದುಹಾಕಿ. ಬಿಸಿ ಸಾರು ಪ್ಲಾಸ್ಟಿಕ್ ಡಬ್ಬಿಗೆ ಬೇಡ, ಸ್ಟೀಲ್ ಇದ್ಯಲ್ಲ.

ಬಾತ್ರೂಮ್ ತೊಳೆಯೋ ಕೆಲಸ ಬೇರೆಯವ್ರು ಮಾಡ್ಲಿ, ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಯಾರೂ ಸೇರಿಸಬಾರ್ದು, ಕ್ಲೋರಿನ್ ಗ್ಯಾಸ್ ಬರುತ್ತೆ. ಸೊಳ್ಳೆಗೆ ಕಾಯಿಲ್ ಬದ್ಲು ಪರದೆ ಕಟ್ಟಿ. ಬೀರುವಿನ ರೇಷ್ಮೆ ಸೀರೆ ನ್ಯಾಫ್ತಲಿನ್ ಗುಳಿಗೆ ವಾಸನೆ ಹೊಡೀತಿದ್ರೆ ಉಡೋಕ್ ಮುಂಚೆ ಒಂದೆರಡು ದಿನ ನೆರಳಲ್ಲಿ ಗಾಳಿಗೆ ಹಾಕಿ.

ಯಜಮಾನ್ರು ಬ್ಯಾಟರಿ ರಿಪೇರಿನೋ ಪೇಂಟಿಂಗೋ ಮಾಡ್ತಿದ್ರೆ ಕೆಲಸದ ಬಟ್ಟೆ ಹೊರಗೇ ಬಿಚ್ಚಿ, ಸ್ನಾನ ಮಾಡಿ ಒಳಗೆ ಬರ್ಲಿ, ಆ ಬಟ್ಟೆ ಬೇರೆಯಾಗಿ ಒಗೀರಿ. ಅಂಥ ಮನೆಯವರು ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡೋ ಟೆಸ್ಟ್ ಬಗ್ಗೆ ಡಾಕ್ಟರನ್ನ ನೀವಾಗೇ ಕೇಳಿ, ಬಸುರಲ್ಲಿ ಮಾಮೂಲಿ ಬರೆಯೋ ಟೆಸ್ಟ್‌ಗಳಲ್ಲಿ ಅದು ಇರಲ್ಲ.