ಸುದ್ದಿಯೇ ಇಲ್ಲದ ದಿನದ ಸುದ್ದಿ ಹೇಳಿದ್ದು

ನಮ್ಮ ರಾಜಾಜಿನಗರದ ಕನ್ನಡ ಸಂಘದ ತಿಂಗಳ ಸಭೆಯಲ್ಲಿ ನನ್ನ ಪಾಲಿಗೆ ಹತ್ತು ನಿಮಿಷ ಇರುತ್ತದೆ. ಇತಿಹಾಸದ ಯಾವುದಾದರೂ ಒಂದು ದಿನದ ಸುದ್ದಿ ತಗೊಂಡು ಜನರನ್ನು ನಗಿಸಬೇಕು. ಹೇಗೆ ತಯಾರಿ ಮಾಡ್ತೀರಿ ಅಂತ ಕೆಲವರು ಕೇಳಿದ್ದರು. ಏಪ್ರಿಲ್ ಸಭೆಗೆ ಮಾಡಿದ್ದನ್ನು ಹೇಳಿದರೆ ಸಾಕು, ನಾನು ಕೆಲಸ ಮಾಡುವ ರೀತಿ ಪೂರ್ತಿ ಅದರಲ್ಲೇ ಇದೆ.

ಆರಿಸಿಕೊಂಡ ದಿನ 1930ರ ಏಪ್ರಿಲ್ 18. ಗುಡ್ ಫ್ರೈಡೇ. ಲಂಡನ್ನಿನಲ್ಲಿ ರಾತ್ರಿ 8.45, ಬಿಬಿಸಿ ರೇಡಿಯೋದಲ್ಲಿ ವಾರ್ತೆಯ ಹೊತ್ತು. ಆ ಕಾಲದಲ್ಲಿ ಅಲ್ಲಿನ ಉದ್ಘೋಷಕರು ಸಂಜೆ ಡಿನ್ನರ್ ಜಾಕೆಟ್ ತೊಟ್ಟು, ಬೋ ಕಟ್ಟಿಕೊಂಡು ಮೈಕಿನ ಮುಂದೆ ಕೂರುತ್ತಿದ್ದರು. ಕೇಳುವವರಿಗೆ ಇದ್ಯಾವುದೂ ಕಾಣುವುದಿಲ್ಲ, ಆದರೂ ಶಿಸ್ತು ಅಂದರೆ ಶಿಸ್ತು. ಅಂಥ ಶಿಸ್ತಿನ ಮನೆಯಿಂದ ಅವತ್ತು ಬಂದ ವಾರ್ತೆ ಇಷ್ಟೇ: ಇವತ್ತು ಸುದ್ದಿ ಏನೂ ಇಲ್ಲ. ಉಳಿದ ಹೊತ್ತೆಲ್ಲ ಪಿಯಾನೋ ನುಡಿಸಿದರು.

ಇಷ್ಟು ಹೇಳಿದರೂ ಸಭೆ ನಗುತ್ತದೆ. ತುಂಬಾ ಜನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಅದು ಸಾಲದು. ಒಂದು ದಿನ ಕೈಗೆ ಸಿಕ್ಕಿದ ಮೇಲೆ, ಅದೇ ದಿನ ಬೇರೆ ಕಡೆ ಏನಾಗುತ್ತಿತ್ತು ಅಂತ ಹುಡುಕಲೇಬೇಕು. ನಿಜವಾದ ನಗು ಇರುವುದು ಅಲ್ಲೇ. ಅದಕ್ಕಾಗಿ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಗೆ ಹೋಗಿ ಸ್ವಾತಂತ್ರ್ಯ ಹೋರಾಟದ ಪುಸ್ತಕಗಳನ್ನು ಹರಡಿಕೊಂಡು ಕೂತೆ.

ಆ ತಿಂಗಳು ನಮ್ಮ ದೇಶದಲ್ಲಿ ಏನೆಲ್ಲ ನಡೆದಿತ್ತು ನೋಡಿ. ಏಪ್ರಿಲ್ 6ಕ್ಕೆ ದಂಡಿಯಲ್ಲಿ ಗಾಂಧೀಜಿ ಉಪ್ಪು ಎತ್ತಿದ್ದರು. 13ಕ್ಕೆ ನಮ್ಮದೇ ಅಂಕೋಲಾದಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಸತ್ಯಾಗ್ರಹ ಶುರುವಾಗಿತ್ತು. 14ಕ್ಕೆ ನೆಹರೂ ಜೈಲಿಗೆ ಹೋಗಿದ್ದರು. ಇನ್ನು 18ನೇ ತಾರೀಖಂತೂ ಕೇಳಲೇಬೇಡಿ. ಅದು ಈಗಿನ ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ ಬ್ರಿಟಿಷರ ಶಸ್ತ್ರಾಗಾರದ ಮೇಲೆ ಕ್ರಾಂತಿಕಾರಿಗಳು ದಾಳಿ ನಡೆಸಿದ ದಿನ!

ಅದನ್ನು ಓದಿದ ಕೂಡಲೇ ನನಗೆ ಬೇಕಾದ ಹತ್ತು ನಿಮಿಷ ಸಿಕ್ಕಿತು ಅನ್ನಿಸಿತು. ದಾಳಿಯ ಮುಂದಾಳು ಸೂರ್ಯ ಸೇನ್, ಸ್ಕೂಲ್ ಮೇಷ್ಟ್ರು. ಹುಡುಗರು ‘ಮಾಸ್ಟರ್‌ದಾ’ ಅನ್ನುತ್ತಿದ್ದರು. ರಾತ್ರಿ ಹತ್ತರ ಸುಮಾರಿಗೆ ಒಂದು ಗುಂಪು ಪೊಲೀಸರ ಶಸ್ತ್ರಾಗಾರಕ್ಕೆ ನುಗ್ಗಿತು. ಇನ್ನೊಂದು ಸಹಾಯಕ ಸೇನೆಯ ಶಸ್ತ್ರಾಗಾರಕ್ಕೆ. ಮತ್ತೊಂದು ಗುಂಪು ತಂತಿ ಮತ್ತು ಟೆಲಿಫೋನ್ ಸಂಪರ್ಕ ಕಡಿದು ಹಾಕಿತು. ರೈಲು ಸಂಪರ್ಕವನ್ನೂ ತಪ್ಪಿಸಿದರು. ಯುರೋಪಿಯನ್ ಕ್ಲಬ್ಬಿಗೂ ಒಂದು ಗುಂಪು ಹೋಗಿತ್ತು. ಹೋಗಿ ನೋಡಿದರೆ ಗುಡ್ ಫ್ರೈಡೇ, ಕ್ಲಬ್ಬಿನಲ್ಲಿ ಜನರೇ ಇಲ್ಲ. ಶಸ್ತ್ರಾಗಾರದಲ್ಲಿ ಬಂದೂಕು ಸಿಕ್ಕವು, ಅವಕ್ಕೆ ಬೇಕಾದ ಗುಂಡು ಸಿಗಲಿಲ್ಲ. ಆದರೂ ಬಾವುಟ ಹಾರಿಸಿ, ತಾತ್ಕಾಲಿಕ ಸರ್ಕಾರ ಘೋಷಿಸಿಯೇ ಹೊರಟರು.

ಈಗ ಗಡಿಯಾರ ಲೆಕ್ಕ ಹಾಕಿ. ಲಂಡನ್ನಿನಲ್ಲಿ 8.45 ಆಗುವಾಗ ಚಿತ್ತಗಾಂಗಿನಲ್ಲಿ ನಡುರಾತ್ರಿ ಕಳೆದಿತ್ತು. ಅಂದರೆ, ಬಿಬಿಸಿ ಸುದ್ದಿ ಇಲ್ಲ ಅನ್ನುವಷ್ಟರಲ್ಲಿ ಸಾಮ್ರಾಜ್ಯದ ಒಂದು ಊರಿನಲ್ಲಿ ಸರ್ಕಾರವೇ ಬದಲಾಗಿದೆ ಅಂತ ಘೋಷಣೆ ಆಗಿ ಗಂಟೆಗಳೇ ಆಗಿದ್ದವು.

ವೇದಿಕೆಯ ಮೇಲೆ ಇದನ್ನು ಹೇಳಿದ ಕ್ರಮ ಹೀಗೆ. ಮೊದಲು ನೆಟ್ಟಗೆ ನಿಂತು, ಗಂಟಲು ಸರಿ ಮಾಡಿಕೊಂಡು, “ಇವತ್ತು ಸುದ್ದಿ ಏನೂ ಇಲ್ಲ” ಅಂದೆ. ಮೊಬೈಲಿನಲ್ಲಿ ಪಿಯಾನೋ ಹಾಕಿ ಸುಮ್ನೆ ನಿಂತೆ. ಈ ಸುಮ್ನೆ ನಿಲ್ಲುವುದು ಬಹಳ ಮುಖ್ಯ, ಅವಸರ ಮಾಡಲೇಬಾರದು. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗಲು ಶುರು ಮಾಡಿದ ಮೇಲೆ ದಂಡಿ ಹೇಳಿದೆ. ಕೊನೆಗೆ ಅದೇ ಸಾಲು. ಅಂಕೋಲಾ ಹೇಳಿದೆ, ಮತ್ತೆ ಅದೇ ಸಾಲು. ನೆಹರೂ ಹೊತ್ತಿಗೆ ನಾನು ಬಾಯಿ ತೆರೆಯುವ ಮೊದಲೇ ಇಡೀ ಸಭೆ “ಸುದ್ದಿ ಏನೂ ಇಲ್ಲ!” ಅಂತ ಕೂಗಿತು. ಚಿತ್ತಗಾಂಗಿನ ತಂತಿ ಕಡಿದದ್ದನ್ನು ಹೇಳುವಾಗ ಮುಂದಿನ ಸಾಲಿನಿಂದ ಒಬ್ಬ ಹಿರಿಯರು ಎದ್ದು, “ಅಲ್ರೀ, ತಂತೀನೇ ಕಡಿದ ಮೇಲೆ ಸುದ್ದಿ ಎಲ್ಲಿಂದ ಬರಬೇಕು ಹೇಳಿ?” ಅಂದರು. ಇಡೀ ಸಂಜೆಯ ದೊಡ್ಡ ನಗು ಅವರದ್ದೇ. ಮುಂದೆ ಎಲ್ಲೇ ಇದನ್ನು ಹೇಳಿದರೂ ಅವರ ಮಾತು ಸೇರಿಸಿಯೇ ಹೇಳುತ್ತೇನೆ.

ಆದರೆ ಏಪ್ರಿಲ್ 22ಕ್ಕೆ ಚಿತ್ತಗಾಂಗ್ ಹತ್ತಿರದ ಜಲಾಲಾಬಾದ್ ಗುಡ್ಡದಲ್ಲಿ ಬ್ರಿಟಿಷ್ ಸೇನೆಯ ಜೊತೆ ಅವರು ನಡೆಸಿದ ಕಾದಾಟಕ್ಕೆ ಬಂದಾಗ ಆ ಸಾಲು ಹೇಳಲಿಲ್ಲ. ಅಲ್ಲಿ 12 ಜನ ಕ್ರಾಂತಿಕಾರಿಗಳು ಸತ್ತರು. ಸೂರ್ಯ ಸೇನರನ್ನು 1934ರ ಜನವರಿ 12ರಂದು ಗಲ್ಲಿಗೇರಿಸಿದರು. ಇದನ್ನು ನೇರವಾಗಿ ಹೇಳಿ ಮುಂದೆ ಹೋದೆ. ನಗು ಲಂಡನ್ನಿನ ಸ್ಟುಡಿಯೋದ ಮೇಲೆ ಬೀಳಬೇಕೇ ಹೊರತು ಗುಡ್ಡದ ಮೇಲಿನ ಹುಡುಗರ ಮೇಲಲ್ಲ. ಬರೆಯುವಾಗ ನಾನು ಜಾಸ್ತಿ ಹೊತ್ತು ಕಳೆಯುವುದು ಈ ಗೆರೆ ಎಳೆಯುವುದರಲ್ಲೇ.

ಇದೇ ಕಾರಣಕ್ಕೆ 1814ರ ಅಕ್ಟೋಬರ್ 17ನ್ನು ಮುಟ್ಟಿಲ್ಲ. ಲಂಡನ್ನಿನಲ್ಲಿ ಬಿಯರ್ ತೊಟ್ಟಿ ಒಡೆದು ಬೀದಿಯೆಲ್ಲ ಬಿಯರ್ ಹರಿದ ದಿನ ಅದು. ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ಆದರೆ ಅದರಲ್ಲಿ ಎಂಟು ಜನ ಸತ್ತರು, ಹೆಚ್ಚಿನವರು ಬಡ ಹೆಂಗಸರು ಮತ್ತು ಮಕ್ಕಳು. 1970ರ ನವೆಂಬರ್ 12 ಮಾತ್ರ ಯಾರು ಬೇಕಾದರೂ ಕಣ್ಣು ಮುಚ್ಚಿ ತಗೋಬಹುದು. ಅಮೆರಿಕದ ಆರೆಗಾನ್ ಕಡಲ ತೀರದಲ್ಲಿ ಸತ್ತ ತಿಮಿಂಗಿಲವನ್ನು ತೆಗೆಯಲು ಹೆದ್ದಾರಿ ಇಲಾಖೆಯವರು ಅರ್ಧ ಟನ್ ಡೈನಮೈಟ್ ಇಟ್ಟು ಸಿಡಿಸಿದರು. ಮಾಂಸದ ತುಂಡುಗಳು ನೋಡಲು ಬಂದವರ ಮೇಲೇ ಮಳೆಯಂತೆ ಸುರಿದವು, ದೂರದಲ್ಲಿ ನಿಂತಿದ್ದ ಒಂದು ಕಾರು ಜಜ್ಜಿಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ತಿಮಿಂಗಿಲದ ಬಹುಪಾಲು ಅಲ್ಲೇ ಉಳಿಯಿತು.

ಬಿಬಿಸಿಯವರ ಪರವಾಗಿಯೂ ಒಂದು ಮಾತು ಹೇಳಿದ್ದೆ. ಆಗ ಅವರಿಗೆ ದೇಶ ವಿದೇಶಗಳಲ್ಲಿ ಸ್ವಂತ ವರದಿಗಾರರಿರಲಿಲ್ಲ. ಸುದ್ದಿ ಸಂಸ್ಥೆಗಳು ಕಳಿಸಿದ್ದೇ ಸುದ್ದಿ. ಸುಮ್ನೆ ಏನಾದರೂ ತುಂಬಿಸಿ ಓದಬಹುದಿತ್ತು, ಓದಲಿಲ್ಲ. ಆ ಪ್ರಾಮಾಣಿಕತೆ ನನಗೆ ನಿಜವಾಗಿಯೂ ಇಷ್ಟ. ನಗುವಿಗೆ ಸಿಕ್ಕಿದವರ ಕಡೆಯ ಮಾತನ್ನೂ ಹೇಳಿದರೆ ಸಭೆಯ ನಂಬಿಕೆ ಹೆಚ್ಚುತ್ತದೆ.

ಮುಂದಿನದು 1905ರ ಆಗಸ್ಟ್ 5, ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದ ದಿನ. ಶಿವನಸಮುದ್ರದ ಕರೆಂಟು ಮೊದಲು ಕೋಲಾರದ ಚಿನ್ನದ ಗಣಿಗೆ ಹೋಗಿ, ಆಮೇಲೆ ನಮ್ಮೂರಿಗೆ ಬಂತು. ಅಲ್ಲಿಯತನಕ ಸಂಜೆಯಾದರೆ ಬೀದಿ ದೀಪ ಹಚ್ಚುತ್ತಿದ್ದವರ ಕಡೆಯಿಂದ ಆ ದಿನವನ್ನು ಹೇಳಬೇಕು ಅಂತಿದ್ದೇನೆ. ನಿಮ್ಮ ಮನೆಯ ಹಿರಿಯರು ಯಾರಾದರೂ ಆ ದೀಪಗಳ ಬಗ್ಗೆ ಹೇಳಿದ್ದು ನೆನಪಿದ್ದರೆ ದಯವಿಟ್ಟು ತಿಳಿಸಿ.