‘ಭಕ್ತಿ’ಗೆ ಇಂಗ್ಲಿಷಿನಲ್ಲಿ ಮಾತು ಹುಡುಕಿದ್ದು: ನನ್ನ ಅನುಭವ

ವಚನಗಳನ್ನು ಇಂಗ್ಲಿಷಿಗೆ ತರಲು ಕುಳಿತಾಗ, ಮೊದಲ ಕರಡಿನಲ್ಲಿ ‘ಭಕ್ತಿ’ ಬಂದ ಕಡೆಯಲ್ಲೆಲ್ಲ ‘ಡಿವೋಷನ್’ ಎಂದೇ ಬರೆದಿದ್ದೆ. ಗಟ್ಟಿಯಾಗಿ ಓದಿಕೊಂಡಾಗ ದಾಸೋಹದ ಸಾಲಿಗೂ ಹಂಬಲದ ಸಾಲಿಗೂ ವ್ಯತ್ಯಾಸವೇ ಕೇಳಿಸಲಿಲ್ಲ. ಕರಡನ್ನು ಬದಿಗಿಟ್ಟು, ಇಂಗ್ಲಿಷಿನಲ್ಲಿ ದೇವರ ಸುತ್ತ ಬೆಳೆದಿರುವ ಒಂದೊಂದು ಮಾತಿಗೂ ಒಂದೊಂದು ಚೀಟಿ ಮಾಡಿದೆ: ಮೇಲೆ ಧಾತು, ನಡುವೆ ಹಳೆಯ ಅರ್ಥ, ಕೆಳಗೆ ಇಂದಿನ ಬಳಕೆ.

ಹೆಚ್ಚು ದಿನ ಹಿಡಿದದ್ದು ‘ಡಿವೋಷನ್’ ಚೀಟಿಯೇ. ಅದರ ಬೇರು ಲ್ಯಾಟಿನ್ನಿನ ‘ವೊವೆರೆ’, ಅಂದರೆ ಹರಕೆ ಹೊರುವುದು. ಇಂಗ್ಲಿಷಿನ ‘ವೌ’ ಮಾತ್ರವಲ್ಲ, ನಾವು ಚುನಾವಣೆಯಲ್ಲಿ ಹಾಕುವ ‘ವೋಟು’ ಕೂಡ ಅದೇ ಬೇರಿನದು. ಪ್ರಾಚೀನ ರೋಮಿನಲ್ಲಿ ಸೇನಾಪತಿಯು ತನ್ನನ್ನೂ ಶತ್ರುಸೈನ್ಯವನ್ನೂ ಪಾತಾಳದ ದೇವತೆಗಳಿಗೆ ಒಪ್ಪಿಸಿ, ಸಾಯಲೆಂದೇ ರಣದೊಳಗೆ ನುಗ್ಗುವ ವಿಧಿಗೆ ‘ಡಿವೋಷಿಯೊ’ ಎನ್ನುತ್ತಿದ್ದರು. ಕ್ರಿ.ಪೂ. 340ರಲ್ಲಿ ಪಬ್ಲಿಯಸ್ ಡೀಸಿಯಸ್ ಮುಸ್ ಹೀಗೆ ಸತ್ತನೆಂದು ಇತಿಹಾಸಕಾರ ಲಿವಿ ಬರೆದಿದ್ದಾನೆ. ಇದನ್ನು ಓದಿದಾಗ ನನಗೆ ನೆನಪಾದದ್ದು ವಚನಕಾರರಲ್ಲ, ಹಳೇಬೀಡಿನ ಗರುಡಗಂಬ: ಹೊಯ್ಸಳ ದೊರೆ ವೀರಬಲ್ಲಾಳನಿಗಾಗಿ ಪ್ರಾಣ ಕೊಡುವ ಪಣ ತೊಟ್ಟಿದ್ದ ಕುವರಲಕ್ಷ್ಮನ ಸ್ಮಾರಕ. ಆ ಕಠೋರ ನಿಷ್ಠೆ ಇರುವ ಸಾಲುಗಳಿಗೆ ಮಾತ್ರ ‘ಡಿವೋಷನ್’ ಉಳಿಸಿಕೊಂಡೆ.

‘ವರ್ಷಿಪ್’ ಪದದೊಳಗೆ ಇರುವುದು ‘ವರ್ತ್’, ಬೆಲೆ ಅಥವಾ ಯೋಗ್ಯತೆ. ಎದುರಿಗಿರುವವರ ಹಿರಿಮೆಯನ್ನು ಒಪ್ಪಿ ನಡೆಯುವುದೇ ಅದರ ಮೂಲಾರ್ಥವಾದ್ದರಿಂದ, ಅದು ದೇವರಿಗಷ್ಟೇ ಮೀಸಲಾಗಿರಲಿಲ್ಲ. 1549ರ ಇಂಗ್ಲೆಂಡಿನ ಪ್ರಾರ್ಥನಾಗ್ರಂಥದಲ್ಲಿ ಮದುವೆಯ ಗಂಡು ಹೆಣ್ಣಿಗೆ ಉಂಗುರ ತೊಡಿಸುವಾಗ ಇದೇ ಕ್ರಿಯಾಪದವನ್ನು ಬಳಸಿ ತನ್ನ ದೇಹದಿಂದ ಅವಳನ್ನು ಗೌರವಿಸುವುದಾಗಿ ಮಾತು ಕೊಡುತ್ತಾನೆ. ಗುರುಹಿರಿಯರಿಗೆ ಸಲ್ಲುವ ಗೌರವದ ಸಾಲುಗಳಿಗೆ ಇದು ಚೆನ್ನಾಗಿ ಹೊಂದಿತು.

‘ಬ್ಲೆಸ್’ ನನ್ನನ್ನು ಬೆಚ್ಚಿಸಿತು. ಅದರ ಹಳೆಯ ರೂಪ ‘ಬ್ಲೆಟ್ಸಿಯನ್’. ಅದು ‘ಬ್ಲಡ್’, ಅಂದರೆ ರಕ್ತಕ್ಕೆ ಸಂಬಂಧಪಟ್ಟದ್ದು, ನೆತ್ತರು ಪ್ರೋಕ್ಷಿಸಿ ಪವಿತ್ರಗೊಳಿಸುವುದೇ ಮೊದಲ ಅರ್ಥವಾಗಿತ್ತು ಎಂದು ನಿಘಂಟುಕಾರರು ವಿವರಿಸುತ್ತಾರೆ. ಇಂದಿನ ಓದುಗರಿಗೆ ಅದು ಕೇಳಿಸುವುದಿಲ್ಲ, ನಿಜ. ಆದರೂ ಪ್ರಾಣಿಬಲಿಯನ್ನು ಖಂಡಿಸುವ ಬಸವಣ್ಣನ ವಚನದ ಪಕ್ಕದಲ್ಲಿ ಆ ಪದವನ್ನು ಇಡಲು ನನಗೆ ಮನಸ್ಸು ಬರಲಿಲ್ಲ. ನಮ್ಮ ‘ಹರಕೆ’ಯಲ್ಲಾದರೋ ಹೊರುವ ಮಾತೂ ಹರಸುವ ಮಾತೂ ಒಟ್ಟಿಗಿವೆ.

‘ಫ್ಯಾನಟಿಕ್’ ನನ್ನ ಕೆಲಸಕ್ಕೆ ಬೇಕಿರಲಿಲ್ಲ, ಆದರೆ ಚೀಟಿ ಮಾಡಿದೆ. ‘ಫಾನುಮ್’ ಎಂದರೆ ಗುಡಿ. ಗುಡಿಯ ಆವೇಶಕ್ಕೆ ಒಳಗಾದವನು ಫ್ಯಾನಟಿಕ್, ಅದನ್ನು ಮೊಟಕುಗೊಳಿಸಿದರೆ ‘ಫ್ಯಾನ್’. ಡಾ. ರಾಜ್‌ಕುಮಾರ್ ಅಭಿಮಾನಿಗಳನ್ನೇ ದೇವರೆಂದು ಕರೆದದ್ದು ಈ ಪದದ ಹುಟ್ಟಿಗೆ ಎಷ್ಟು ಹತ್ತಿರವೆಂದು ಆ ದಿನ ಸಂತೋಷವಾಯಿತು.

ಕೊನೆಯ ಚೀಟಿ ನಮ್ಮದೇ. ‘ಭಕ್ತಿ’ಯ ಧಾತು ‘ಭಜ್’, ಅಂದರೆ ಪಾಲು ಹಂಚುವುದು, ಪಾಲುಗೊಳ್ಳುವುದು. ‘ಭಾಗ’ವೂ ‘ವಿಭಕ್ತ ಕುಟುಂಬ’ದ ‘ವಿಭಕ್ತ’ವೂ ಅಲ್ಲಿಂದಲೇ ಬಂದವು. ಹರಕೆ, ಬೆಲೆ, ನೆತ್ತರು ಎಂದು ಹುಡುಕಿದ ಮೇಲೆ ‘ಪಾಲು’ ಎದುರಾದಾಗ ದಾಸೋಹದ ಸಾಲುಗಳು ನನಗೆ ತೆರೆದುಕೊಂಡವು. ಅಲ್ಲೆಲ್ಲ ‘ಡಿವೋಷನ್’ ಹೊಡೆದುಹಾಕಿ, ಉಣ್ಣುವ ಮತ್ತು ಹಂಚಿಕೊಳ್ಳುವ ಕ್ರಿಯಾಪದಗಳನ್ನು ತಂದೆ.

‘ಭಕ್ತ’ನಿಗೆ ಮಾತ್ರ ಒಪ್ಪುವ ಪದ ದೊರೆಯಲಿಲ್ಲ. ‘ಡಿವೋಟೀ’ ಎಂಬುದು ‘ಟ್ರಸ್ಟೀ’ಯಂಥ ಪದಗಳ ಮಾದರಿಯಲ್ಲಿ 17ನೆಯ ಶತಮಾನದಲ್ಲಿ ರೂಪುಗೊಂಡದ್ದು, ಅದರೊಳಗೆ ತನ್ನನ್ನು ಪೂರ್ತಿಯಾಗಿ ಒಪ್ಪಿಸಿಕೊಂಡವನ ಭಾವವಿದೆ. ಷಟ್‌ಸ್ಥಲದಲ್ಲಿ, ಅಂದರೆ ಶರಣರು ಹೇಳುವ ಸಾಧನೆಯ ಆರು ಹಂತಗಳಲ್ಲಿ, ಭಕ್ತ ಮೊದಲನೆಯವನು, ಶರಣ ಐದನೆಯವನು. ‘ಡಿವೋಟೀ’ ನನಗೆ ಶರಣನಿಗೆ ಹತ್ತಿರವೆನಿಸಿತು. ಹಾಗಾಗಿ ‘ಭಕ್ತ’ನನ್ನು ರೋಮನ್ ಲಿಪಿಯಲ್ಲಿ ಹಾಗೆಯೇ ಬರೆದು ಬಿಟ್ಟಿದ್ದೇನೆ.